ಅಂಗಡಿ ಬಾಡಿಗೆ ಜಗಳ: ವಕೀಲರ ನೋಟಿಸಿಗೆ ಮುಂಚೆ ಕೂತು ಮಾಡುವ ಲೆಕ್ಕ

ಬಾಡಿಗೆ ವಿಚಾರಕ್ಕೆ ಜಗಳ ಮಾಡಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಒಟ್ಟು ಎಷ್ಟು ದುಡ್ಡಿನ ಜಗಳ ಇದು? ಕೇಳಿದ ತಕ್ಷಣ ಸುಮ್ಮನಾಗುತ್ತಾರೆ. ಅಂಗಡಿಯವರು "ದುಡ್ಡಿನದಲ್ಲ ಸರ್, ಓನರ್ ನಡೆದುಕೊಳ್ಳೋ ರೀತಿ" ಅಂತಾರೆ. ಮಾಲೀಕರು "ದುಡ್ಡು ಹಾಳಾಗಿ ಹೋಗ್ಲಿ, ಮರ್ಯಾದೆ ಬೇಡ್ವಾ" ಅಂತಾರೆ. ಸರಿ, ಮರ್ಯಾದೆ ವಿಷಯ ಆಮೇಲೆ ನೋಡೋಣ, ಮೊದಲು ಮೊತ್ತ ಹೇಳಿ ಅಂದರೆ ಇಬ್ಬರ ಬಾಯಲ್ಲೂ ಬರುವ ಅಂಕಿ ಬೇರೆ ಬೇರೆ. ಒಬ್ಬರದು ಇನ್ನೊಬ್ಬರದಕ್ಕಿಂತ ಎರಡು ಪಟ್ಟು ಇರುವುದೂ ಉಂಟು.

ನಾನು ವಕೀಲನಲ್ಲ. ಅಂಗಡಿಯವರ ಲೆಕ್ಕಪತ್ರ ಬರೆದುಕೊಡುವುದು ನನ್ನ ಕೆಲಸ. ಕೆಲವು ಕಟ್ಟಡ ಮಾಲೀಕರ ಲೆಕ್ಕವನ್ನೂ ನೋಡುತ್ತೇನೆ. ಹಾಗಾಗಿ ಎರಡೂ ಕಡೆಯ ಗೋಳು ನನ್ನ ಕಿವಿಗೆ ಬೀಳುತ್ತದೆ. ಇಷ್ಟು ವರ್ಷ ನೋಡಿದ್ದರಲ್ಲಿ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಬಾಡಿಗೆ ಜಗಳ ಅಂತ ಒಂದೇ ಒಂದು ಜಗಳ ಇರುವುದು ಅಪರೂಪ. ನಾಲ್ಕೈದು ಸಣ್ಣ ತಕರಾರು ಒಂದೇ ಗಂಟಿನಲ್ಲಿ ಸೇರಿಕೊಂಡಿರುತ್ತವೆ. ಬಾಡಿಗೆ ಏರಿಕೆ ಒಂದು, ಮೇಂಟೆನೆನ್ಸ್ ಒಂದು, ಸೋರುವ ಚಾವಣಿ ಒಂದು, ಡೆಪಾಸಿಟ್ ಒಂದು. ಗಂಟು ಬಿಚ್ಚಿ ಬೇರೆ ಬೇರೆ ಇಟ್ಟರೆ ಹೆಚ್ಚಿನವು ಕ್ಯಾಲ್ಕುಲೇಟರಿನಲ್ಲೇ ಮುಗಿದುಹೋಗುತ್ತವೆ. ಉಳಿದ ಒಂದಕ್ಕೋ ಎರಡಕ್ಕೋ ಮಾತ್ರ ನಿಜವಾದ ಮಾತುಕತೆ ಬೇಕು. ಎಲ್ಲವನ್ನೂ ಸೇರಿಸಿಕೊಂಡು ಕೂಗಾಡಿದರೆ ಒಂದೂ ಮುಗಿಯುವುದಿಲ್ಲ.

ಏರಿಕೆಯನ್ನೇ ತೆಗೆದುಕೊಳ್ಳಿ. ಕರಾರಿನಲ್ಲಿ "ಪ್ರತಿ ವರ್ಷ ಶೇ 5ರಷ್ಟು ಹೆಚ್ಚಳ" ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಯಾವುದರ ಮೇಲೆ ಶೇ 5? ಮೊದಲ ವರ್ಷದ ಬಾಡಿಗೆ ಮೇಲೋ, ಹಿಂದಿನ ವರ್ಷದ ಬಾಡಿಗೆ ಮೇಲೋ? ಮೊದಲ ವರ್ಷದ ಬಾಡಿಗೆ 100 ಅಂತ ಇಟ್ಟುಕೊಳ್ಳೋಣ. ಎರಡನೇ ವರ್ಷ ಯಾವ ಲೆಕ್ಕದಲ್ಲೂ 105. ಮೂರನೇ ವರ್ಷ 110 ಮತ್ತು 110.25. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಂಗಡಿಯವರು ಚಿಲ್ಲರೆ ಕೊಟ್ಟು ಮುಗಿಸುತ್ತಾರೆ. ಹತ್ತನೇ ವರ್ಷಕ್ಕೆ ಬಂದರೆ ಒಂದು ಲೆಕ್ಕದಲ್ಲಿ 145, ಇನ್ನೊಂದರಲ್ಲಿ 155. ಅಷ್ಟು ಹೊತ್ತಿಗೆ ಕರಾರು ಬರೆಸಿದ ಹಿರಿಯರು ಇರುವುದಿಲ್ಲ, ಮಗ ಬಾಡಿಗೆ ವಸೂಲಿಗೆ ಬರುತ್ತಾನೆ, ಅವನಿಗೆ ಅಪ್ಪ ಏನು ಮಾತಾಡಿದ್ದರೋ ಗೊತ್ತಿಲ್ಲ. ಆಗ ನೋಡಬೇಕಾದ್ದು ಹಳೇ ರಸೀದಿ. ಇಷ್ಟು ವರ್ಷ ಯಾವ ಲೆಕ್ಕದಲ್ಲಿ ಕೊಟ್ಟಿದ್ದಾರೆ, ಯಾವ ಲೆಕ್ಕದಲ್ಲಿ ತಕರಾರಿಲ್ಲದೆ ತೆಗೆದುಕೊಂಡಿದ್ದಾರೆ ಅನ್ನುವುದೇ ದೊಡ್ಡ ಸಾಕ್ಷಿ.

ಇದರಲ್ಲೇ ಇನ್ನೊಂದು ಉಂಟು. ವರ್ಷಕ್ಕೆ ಶೇ 5 ಅನ್ನುವುದೂ, ಮೂರು ವರ್ಷಕ್ಕೊಮ್ಮೆ ಶೇ 15 ಅನ್ನುವುದೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂಬತ್ತು ವರ್ಷಕ್ಕೆ ಕೂಡಿಸಿ ನೋಡಿ. ವರ್ಷದ ಬಾಡಿಗೆ 100 ಆದರೆ ಮೊದಲನೆಯದರಲ್ಲಿ ಒಟ್ಟು ಸುಮಾರು 1103 ಕೊಡಬೇಕು, ಎರಡನೆಯದರಲ್ಲಿ ಸುಮಾರು 1042. ವ್ಯತ್ಯಾಸ ಮೊದಲ ವರ್ಷದ ಸುಮಾರು ಏಳು ತಿಂಗಳ ಬಾಡಿಗೆಗೆ ಸಮ. ಇದು ಜಗಳವೇ ಅಲ್ಲ, ಗುಣಾಕಾರ. ಆದರೆ ಇದನ್ನು ಗುಣಾಕಾರ ಅಂತ ನೋಡದೆ ಮೋಸ ಅಂತ ನೋಡಿ ಮಾತು ಬಿಟ್ಟವರನ್ನು ಕಂಡಿದ್ದೇನೆ.

ಕರಾರು ಕಾಗದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಭಾರತದಲ್ಲಿ 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಕರಾರು ನೋಂದಣಿ ಆಗಲೇಬೇಕು. ಆಗದಿದ್ದರೆ ಅದರಲ್ಲಿರುವ ಷರತ್ತನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಹಿಡಿದು ನಿಲ್ಲುವುದು ಕಷ್ಟ. ಐದು ವರ್ಷದ ಕರಾರನ್ನು ಬರೀ ಸ್ಟಾಂಪ್ ಪೇಪರಿನಲ್ಲಿ ಬರೆಸಿ ಇಟ್ಟುಕೊಂಡು "ನೋಡಿ, ಇಲ್ಲಿ ಏರಿಕೆ ಬರೆದಿದೆ" ಅಂತ ವಾದಿಸುವ ಮಾಲೀಕರೂ, "ನೋಡಿ, ಇನ್ನೂ ಮೂರು ವರ್ಷ ಇದೆ" ಅಂತ ವಾದಿಸುವ ಅಂಗಡಿಯವರೂ ಒಂದೇ ಸೋರುವ ದೋಣಿಯಲ್ಲಿ ಕೂತಿರುತ್ತಾರೆ. ಇಬ್ಬರಿಗೂ ಇದು ಗೊತ್ತಾದರೆ ರಾಜಿ ಬೇಗ ಆಗುತ್ತದೆ, ಅದು ಬೇರೆ ವಿಷಯ.

ಈಗ ಮೇಂಟೆನೆನ್ಸ್. ನನ್ನ ಪ್ರಕಾರ ಅತಿ ಹೆಚ್ಚು ಕಹಿ ಹುಟ್ಟುವುದು ಇಲ್ಲೇ, ಯಾಕೆಂದರೆ ಬಾಡಿಗೆ ಎಷ್ಟು ಅಂತ ಗೊತ್ತಿರುತ್ತದೆ, ಇದು ಎಷ್ಟು ಅಂತ ಬಿಲ್ ಬಂದ ಮೇಲೇ ಗೊತ್ತಾಗುವುದು. ಬಿಲ್ಲಿನಲ್ಲಿ "ನಿಮ್ಮ ಪಾಲು" ಅಂತ ಒಂದು ಮೊತ್ತ ಇರುತ್ತದೆ. ಪಾಲು ಹೇಗೆ ಬಂತು? ಕಟ್ಟಡದ ಅಂಗಡಿ ಜಾಗ ಒಟ್ಟು 10,000 ಚದರ ಅಡಿ, ನಿಮ್ಮದು 500 ಅಂದರೆ ಖರ್ಚಿನ ಶೇ 5 ನಿಮ್ಮದು. ಆದರೆ 3,000 ಚದರ ಅಡಿ ಖಾಲಿ ಬಿದ್ದಿದೆ, ಮಾಲೀಕರು ಬಾಡಿಗೆಗೆ ಹೋಗಿರುವ 7,000ಕ್ಕೆ ಮಾತ್ರ ಭಾಗಿಸುತ್ತಾರೆ ಅಂತಿಟ್ಟುಕೊಳ್ಳಿ. ಆಗ ನಿಮ್ಮ ಪಾಲು ಶೇ 7.14. ಖರ್ಚು ಒಂದು ಪೈಸೆ ಹೆಚ್ಚಾಗಿಲ್ಲ, ನಿಮ್ಮ ಬಿಲ್ಲು ಮಾತ್ರ ಶೇ 43ರಷ್ಟು ಏರಿತು. ಖಾಲಿ ಅಂಗಡಿಗಳ ಹೊರೆ ಯಾರದ್ದು ಅನ್ನುವುದು ಕರಾರಿನಲ್ಲಿ ಇಲ್ಲದಿದ್ದರೆ ಇಬ್ಬರೂ ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಾರೆ. ಮಾಲೀಕರ ಮಾತಿನಲ್ಲೂ ಹುರುಳಿಲ್ಲ ಅಂತಲ್ಲ, ಲಿಫ್ಟ್ ಓಡುವುದು, ಕಾವಲುಗಾರ ನಿಲ್ಲುವುದು ಇರುವ ಅಂಗಡಿಗಳಿಗಾಗಿಯೇ. ಆದರೂ ಖಾಲಿ ಬಿದ್ದಿರುವ ಜಾಗ ಅವರ ವ್ಯಾಪಾರದ ಅಪಾಯ, ಬಾಡಿಗೆದಾರರದ್ದಲ್ಲ ಅನ್ನುವ ಕಡೆಗೇ ನಾನು ವಾಲುತ್ತೇನೆ.

ಎರಡನೇ ತಂಟೆ: ರಿಪೇರಿಯೋ, ಹೊಸದೋ? ಲಿಫ್ಟಿನ ಕೇಬಲ್ ಬದಲಿಸಿದರೆ ಅದು ನಿರ್ವಹಣೆ. ಲಿಫ್ಟನ್ನೇ ಬದಲಿಸಿದರೆ ಅದು ಮಾಲೀಕರ ಆಸ್ತಿ ಹೆಚ್ಚಿದ ಹಾಗೆ, ಮುಂದಿನ ವರ್ಷ ಅಂಗಡಿ ಬಿಟ್ಟು ಹೋಗುವವರು ಅದಕ್ಕೆ ಪೂರ್ತಿ ಪಾಲು ಯಾಕೆ ಕೊಡಬೇಕು? ಇಂಥ ಖರ್ಚನ್ನು ಅದರ ಬಾಳಿಕೆಯ ವರ್ಷಗಳಿಗೆ ಹಂಚಿ, ಆ ವರ್ಷದ ಪಾಲು ಮಾತ್ರ ಹಾಕುವುದು ಒಂದು ದಾರಿ. ಕೇಳಿದರೆ ಬಹಳ ಮಾಲೀಕರು ಒಪ್ಪುತ್ತಾರೆ. ಕೇಳುವವರು ಕಡಿಮೆ, ಅಷ್ಟೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಂಗಡಿ ಗುತ್ತಿಗೆಗೇ ಅಂತ 1994ರಲ್ಲಿ ಮಾಡಿದ ಕಾಯ್ದೆ ಇದೆ. ಅದರ ಪ್ರಕಾರ ಮಾಲೀಕರು ಇಂಥ ಖರ್ಚಿನ ಅಂದಾಜನ್ನು ಮೊದಲೇ ಕೊಡಬೇಕು, ವರ್ಷ ಮುಗಿದು ಮೂರು ತಿಂಗಳೊಳಗೆ ನಿಜವಾದ ಖರ್ಚಿನ ಲೆಕ್ಕ ಕೊಡಬೇಕು. ಅಂಥ ಕಾನೂನು ಇಲ್ಲದ ಕಡೆ ಕೂಡ ಕರಾರಿನಲ್ಲಿ ಇದನ್ನು ಬರೆಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬಿಲ್ಲಿನ ಹಿಂದಿರುವ ರಸೀದಿಗಳನ್ನು ಒಂದು ಮಧ್ಯಾಹ್ನ ಕೂತು ನೋಡಲು ಬಿಟ್ಟರೆ ಅರ್ಧ ಅನುಮಾನ ಅಲ್ಲೇ ಇಳಿದುಹೋಗುತ್ತದೆ.

ಕೆಲವು ಅಂಗಡಿಗಳಲ್ಲಿ, ಮಾಲ್‌ಗಳಲ್ಲಂತೂ ಸಾಮಾನ್ಯವಾಗಿ, ಮಾರಾಟದ ಮೇಲೆ ಬಾಡಿಗೆ ಇರುತ್ತದೆ. ಖಾಯಂ ಬಾಡಿಗೆ ವರ್ಷಕ್ಕೆ 12 ಲಕ್ಷ, ಜೊತೆಗೆ ಒಂದು ಮಿತಿ ದಾಟಿದ ಮಾರಾಟದ ಶೇ 8 ಅಂತ ಇಟ್ಟುಕೊಳ್ಳಿ. 12 ಲಕ್ಷವನ್ನು ಶೇ 8ರಿಂದ ಭಾಗಿಸಿದರೆ 1.5 ಕೋಟಿ. ಅಲ್ಲಿಯವರೆಗಿನ ಮಾರಾಟಕ್ಕೆ ಖಾಯಂ ಬಾಡಿಗೆಯೇ ಸಾಕು, ಅದರ ಮೇಲೆ ಹೋದದ್ದಕ್ಕೆ ಮಾತ್ರ ಶೇ 8. 1.8 ಕೋಟಿ ಮಾರಿದರೆ ಹೆಚ್ಚುವರಿ 2.4 ಲಕ್ಷ. ಲೆಕ್ಕ ಸುಲಭ. ಕಷ್ಟ ಇರುವುದು ಯಾವುದನ್ನು ಮಾರಾಟ ಅನ್ನಬೇಕು ಅನ್ನುವುದರಲ್ಲಿ. ತೆರಿಗೆ ಸೇರಿಸಿಯೋ ಬಿಟ್ಟೋ? ಗಿರಾಕಿ ವಾಪಸ್ ಕೊಟ್ಟ ಮಾಲು ಕಳೆಯಬೇಕೋ ಬೇಡವೋ? ಆನ್‌ಲೈನಿನಲ್ಲಿ ಆರ್ಡರ್ ಮಾಡಿ ಅಂಗಡಿಗೆ ಬಂದು ತೆಗೆದುಕೊಂಡು ಹೋದರೆ ಅದು ಯಾರ ಮಾರಾಟ? ಆನ್‌ಲೈನಿನಲ್ಲಿ ಕೊಂಡದ್ದನ್ನು ಅಂಗಡಿಯಲ್ಲಿ ವಾಪಸ್ ಕೊಟ್ಟರೆ? ಈ ನಾಲ್ಕು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟುಕೊಂಡವರ ನಡುವೆ ಜಗಳ ಆಗಿದ್ದು ನಾನು ನೋಡಿಲ್ಲ.

"ಎರಡರಲ್ಲಿ ಯಾವುದು ಜಾಸ್ತಿಯೋ ಅದು" ಅನ್ನುವ ಸಾಲು ಕಂಡರೆ ಸ್ವಲ್ಪ ನಿಲ್ಲಿ. ವ್ಯಾಪಾರ ಚೆನ್ನಾಗಿ ಆದರೆ ಮಾಲೀಕರಿಗೂ ಪಾಲು, ಕೆಟ್ಟರೆ ಅಂಗಡಿಯವರಿಗೆ ಮಾತ್ರ ಪೆಟ್ಟು. ಸಿಂಗಾಪುರದಲ್ಲಿ ಅಂಗಡಿ ಗುತ್ತಿಗೆಗೆ ಒಂದು ನೀತಿಸಂಹಿತೆ ಇದೆ. 2023ರಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟರು, 2024ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಒಂದೇ ಸೂತ್ರದಲ್ಲಿ ಬಾಡಿಗೆ ಲೆಕ್ಕ ಹಾಕಬೇಕು, ಇದೋ ಅದೋ ಯಾವುದು ಜಾಸ್ತಿಯೋ ಅದು ಅನ್ನುವ ಹಾಗಿಲ್ಲ ಅಂತ ಅದರಲ್ಲಿದೆ. ನನಗೆ ಇಷ್ಟವಾದ ನಿಯಮ ಇದು.

ಇನ್ನು ಮಾರುಕಟ್ಟೆ ದರದ ಪ್ರಶ್ನೆ. ಅವಧಿ ಮುಗಿದು ಮುಂದುವರಿಸುವಾಗ ಮಾಲೀಕರು "ಪಕ್ಕದ ಅಂಗಡಿಗೆ ಇಷ್ಟು ಕೊಡ್ತಿದ್ದಾರೆ" ಅಂತಾರೆ. ಪಕ್ಕದ ಅಂಗಡಿ ಮೂಲೆಯಲ್ಲಿರಬಹುದು, ಅಗಲ ಜಾಸ್ತಿ ಇರಬಹುದು, ಅವರಿಗೆ ಮೊದಲ ಮೂರು ತಿಂಗಳು ಬಾಡಿಗೆ ಬಿಟ್ಟಿರಬಹುದು. ಅದನ್ನು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನ 1954ರ ಮಾಲೀಕ-ಬಾಡಿಗೆದಾರ ಕಾಯ್ದೆಯಲ್ಲಿ ನನಗೆ ಬಹಳ ನ್ಯಾಯ ಅನ್ನಿಸಿದ ಒಂದು ಅಂಶ ಇದೆ. ನವೀಕರಣದ ಹೊತ್ತಿನಲ್ಲಿ ಕೋರ್ಟು ಬಾಡಿಗೆ ನಿಗದಿ ಮಾಡಬೇಕಾದರೆ ಬಾಡಿಗೆದಾರ ತಾನೇ ದುಡಿದು ಗಳಿಸಿದ ಹೆಸರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತನ್ನ ಖುಷಿಯಿಂದ ತನ್ನ ಖರ್ಚಿನಲ್ಲಿ ಮಾಡಿಸಿದ ಸುಧಾರಣೆಗಳನ್ನೂ ಸಾಮಾನ್ಯವಾಗಿ ಬಿಡುತ್ತದೆ. ಹತ್ತು ವರ್ಷ ಬೆವರು ಸುರಿಸಿ ಗಿರಾಕಿ ಕಟ್ಟಿಕೊಂಡವರ ಹತ್ತಿರ, ಆ ಗಿರಾಕಿಗಳನ್ನೇ ತೋರಿಸಿ ಬಾಡಿಗೆ ಏರಿಸಿದರೆ ಹೊಟ್ಟೆ ಉರಿಯುವುದಿಲ್ವಾ?

ಬಾಡಿಗೆ ಮೇಲಕ್ಕೆ ಮಾತ್ರ ಹೋಗಬೇಕು, ಕೆಳಗೆ ಇಳಿಯಬಾರದು ಅನ್ನುವ ಷರತ್ತೂ ಇಂಥದ್ದೇ. ಐರ್ಲೆಂಡಿನಲ್ಲಿ 2010ರ ಫೆಬ್ರವರಿ 28ರಿಂದ ಮಾಡಿದ ಹೊಸ ವಾಣಿಜ್ಯ ಗುತ್ತಿಗೆಗಳಲ್ಲಿ ಇದಕ್ಕೆ ಬೆಲೆ ಇಲ್ಲ. ದರ ಬಿದ್ದಿದ್ದರೆ ಬಾಡಿಗೆಯೂ ಇಳಿಯಬೇಕು. ಕಾನೂನು ಏನೇ ಇರಲಿ, ಇಬ್ಬರೂ ಒಪ್ಪಿ ಒಬ್ಬ ಮೌಲ್ಯಮಾಪಕರನ್ನು ಕರೆದು, ಫೀಸು ಅರ್ಧರ್ಧ ಹಾಕಿ, ಅವರು ಹೇಳಿದ ದರಕ್ಕೆ ಬದ್ಧರಾಗುವುದು ಅಗ್ಗದ ದಾರಿ. ಒಬ್ಬರೇ ಕರೆಸಿದ ಮೌಲ್ಯಮಾಪಕರ ವರದಿಯನ್ನು ಇನ್ನೊಬ್ಬರು ನಂಬುವುದಿಲ್ಲ, ಆಗ ಎರಡು ವರದಿ, ಎರಡು ಫೀಸು, ಜಗಳ ಅಲ್ಲಿಯೇ.

ಇಷ್ಟೆಲ್ಲ ಲೆಕ್ಕ ನಡೆಯುವಾಗ ತಿಂಗಳು ನಿಲ್ಲುವುದಿಲ್ಲ. ಒಂದನೇ ತಾರೀಖು ಬಂದೇ ಬರುತ್ತದೆ. ಅಂಗಡಿಯವರಿಗೆ ನನ್ನ ಕಟ್ಟುನಿಟ್ಟಿನ ಸಲಹೆ: ತಕರಾರಿಲ್ಲದ ಮೊತ್ತವನ್ನು ನಿಲ್ಲಿಸಬೇಡಿ. ಏರಿಸಿದ ಬಾಡಿಗೆ ಒಪ್ಪಿಗೆ ಇಲ್ಲದಿದ್ದರೆ ಹಳೇ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಳಿಸಿ. ಯಾವ ತಿಂಗಳದ್ದು, ಉಳಿದದ್ದು ಯಾಕೆ ತಕರಾರಿನಲ್ಲಿದೆ ಅಂತ ಒಂದು ಪತ್ರದಲ್ಲಿ ಬರೆದು ಕಳಿಸಿ. ಮಾಲೀಕರು ತೆಗೆದುಕೊಳ್ಳಲು ಒಪ್ಪದಿದ್ದರೆ ಕೊಡಲು ಹೋದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ, ದುಡ್ಡನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡಿ. ಚಾವಣಿ ಸೋರುತ್ತಿದೆ ಅಂತ ಪೂರ್ತಿ ಬಾಡಿಗೆ ನಿಲ್ಲಿಸಿದ ದಿನ, ನ್ಯಾಯ ನಿಮ್ಮ ಕಡೆ ಇದ್ದರೂ ಕಾಗದದಲ್ಲಿ ನೀವೇ ಬಾಕಿದಾರ ಆಗುತ್ತೀರಿ. ಅಲ್ಲಿಂದ ಮುಂದೆ ಯಾರೂ ಚಾವಣಿ ಬಗ್ಗೆ ಮಾತಾಡುವುದಿಲ್ಲ, ಬಾಕಿ ಬಗ್ಗೆ ಮಾತ್ರ.

ಬಾಕಿ ಬಿದ್ದೇ ಹೋಗಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಸೆಕ್ಷನ್ ಹೇಳುವುದು ಇದನ್ನೇ: ಬಾಡಿಗೆ ಬಾಕಿಗಾಗಿ ಗುತ್ತಿಗೆ ರದ್ದಾಗಿ ಮಾಲೀಕರು ದಾವೆ ಹಾಕಿದಾಗ, ವಿಚಾರಣೆ ಹೊತ್ತಿಗೆ ಬಾಕಿ, ಬಡ್ಡಿ, ದಾವೆ ಖರ್ಚು ಪೂರ್ತಿ ಕಟ್ಟಿದರೆ ಕೋರ್ಟು ಬಾಡಿಗೆದಾರನನ್ನು ಉಳಿಸಬಹುದು. ಉಳಿಸಬಹುದು, ಉಳಿಸಲೇಬೇಕು ಅಂತಲ್ಲ.

ಮಾಲೀಕರಿಗೂ ಅಷ್ಟೇ ಖಡಾಖಂಡಿತ ಮಾತು. ಬೀಗ ಹಾಕಬೇಡಿ, ಕರೆಂಟ್ ತೆಗೆಸಬೇಡಿ. ಕಟ್ಟಡ ನಿಮ್ಮದೇ ಇರಬಹುದು. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿಯಲ್ಲಿ ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹಾಕಿ ಅಂಗಡಿ ವಾಪಸ್ ಕೇಳಬಹುದು, ಅಲ್ಲಿ ಕಟ್ಟಡ ಯಾರದ್ದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಒಳಗೆ ಬಿದ್ದಿದ್ದ ಮಾಲು ಹಾಳಾಯಿತು ಅನ್ನುವ ಲೆಕ್ಕ ಬೇರೆ ಬರುತ್ತದೆ. ಬಾಕಿ ವಸೂಲಿಗೆ ಹೊರಟವರು ಕೊನೆಗೆ ತಾವೇ ಪರಿಹಾರ ಕೊಡುವ ಸ್ಥಿತಿಗೆ ಬರುತ್ತಾರೆ.

ವ್ಯಾಪಾರವೇ ನಿಂತುಹೋದಾಗ ಏನು ಮಾಡಬೇಕು ಅನ್ನುವುದು ಬೇರೆಯೇ ಜಾತಿಯ ಜಗಳ. ಇಲ್ಲಿ ಯಾರದ್ದೂ ತಪ್ಪಿಲ್ಲ. ಕೊರೋನಾ ಕಾಲದಲ್ಲಿ ಇದು ಎಲ್ಲ ದೇಶದಲ್ಲೂ ಒಟ್ಟಿಗೆ ಬಂತು, ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಮುಂದೆ ಲಾಕ್‌ಡೌನ್ ಕಾರಣಕ್ಕೆ ಬಾಡಿಗೆ ನಿಲ್ಲಿಸಬೇಕು ಅಂತ ಅಂಗಡಿ ಬಾಡಿಗೆದಾರರೊಬ್ಬರು ಕೇಳಿದ್ದರು. ಕೋರ್ಟು ಒಪ್ಪಲಿಲ್ಲ. ಕಟ್ಟಡವೇ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಬೇರೆ ಮಾತು, ಕೆಲವು ವಾರ ಮುಚ್ಚಿದ್ದು ಅಷ್ಟಕ್ಕೆ ಸಾಲದು. ಆದರೆ ಕಟ್ಟುವ ಗಡುವಿನಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟಿತು. ಕರಾರಿನಲ್ಲಿ ಇಲ್ಲದ ರಿಯಾಯಿತಿಯನ್ನು ಕೋರ್ಟಿನಿಂದ ಪಡೆಯುವುದು ಕಷ್ಟ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅಂದರೆ ಮಾಲೀಕರ ಮುಂದೆ ಕೂತೇ ಪಡೆಯಬೇಕು.

ಕೂತು ಹೇಗೆ ಹಂಚಿಕೊಳ್ಳುವುದು? ಆಸ್ಟ್ರೇಲಿಯಾ 2020ರ ಏಪ್ರಿಲ್‌ನಲ್ಲಿ ತಂದ ಸೂತ್ರ ಬಹಳ ಸರಳ. ಮಾರಾಟ ಎಷ್ಟು ಬಿದ್ದಿದೆಯೋ ಬಾಡಿಗೆಯಲ್ಲೂ ಅಷ್ಟು ರಿಯಾಯಿತಿ. ಅದರಲ್ಲಿ ಕಡೇ ಪಕ್ಷ ಅರ್ಧ ಪೂರ್ತಿ ಮನ್ನಾ, ಮಿಕ್ಕದ್ದು ಮುಂದಕ್ಕೆ. ಮುಂದಕ್ಕೆ ಹಾಕಿದ್ದನ್ನು ಉಳಿದ ಗುತ್ತಿಗೆ ಅವಧಿ ಅಥವಾ 24 ತಿಂಗಳು, ಯಾವುದು ಹೆಚ್ಚೋ ಅಷ್ಟರಲ್ಲಿ ತೀರಿಸುವುದು. ಮಾರಾಟ ಶೇ 60 ಬಿದ್ದರೆ ಈಗ ಶೇ 40 ಕೊಡಿ, ಶೇ 30 ಬಿಟ್ಟುಬಿಡಿ, ಶೇ 30 ಆಮೇಲೆ. ಈ ಸೂತ್ರ ಆ ಕಾಲಕ್ಕೆ, ಆ ದೇಶಕ್ಕೆ ಮಾಡಿದ್ದು ನಿಜ. ಆದರೆ ರಸ್ತೆ ಅಗೆದು ಮೂರು ತಿಂಗಳು ಗಿರಾಕಿ ಬಾರದಿದ್ದಾಗ, ಕಟ್ಟಡಕ್ಕೆ ಬೆಂಕಿ ಬಿದ್ದು ಅರ್ಧ ಮುಚ್ಚಿದಾಗ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆ ಅಳತೆ ನನಗೆ ಸಿಕ್ಕಿಲ್ಲ. ಒಂದು ಷರತ್ತು ಇದೆ. ಅಂಗಡಿಯವರು ಮಾರಾಟದ ಲೆಕ್ಕ ಬಿಚ್ಚಿ ತೋರಿಸಬೇಕು. ತೆರಿಗೆಗೆ ಒಂದು ಲೆಕ್ಕ, ಮಾಲೀಕರಿಗೆ ಒಂದು ಲೆಕ್ಕ ಇಟ್ಟವರಿಗೆ ಈ ದಾರಿ ಮುಚ್ಚಿದ ಹಾಗೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಮಾರ್ಚಿನಲ್ಲಿ ಆ ಕಾಲದ ಬಾಡಿಗೆ ಬಾಕಿಗಾಗಿಯೇ ಒಂದು ಕಾಯ್ದೆ ಬಂತು. ಇಬ್ಬರೂ ಒಪ್ಪದಿದ್ದರೆ ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವ ಮೂರನೆಯವರ ಹತ್ತಿರ ಹೋಗಬಹುದಿತ್ತು. ಅಲ್ಲಿ ಒಂದು ಜಾಣತನ ಇತ್ತು. ಇಬ್ಬರೂ ತಮ್ಮ ತಮ್ಮ ಪ್ರಸ್ತಾಪ ಬರೆದು ಕೊಡುತ್ತಾರೆ, ಎರಡೂ ಕಾಯ್ದೆಯ ತತ್ವಕ್ಕೆ ಹೊಂದುವಂತಿದ್ದರೆ ಹೆಚ್ಚು ಹೊಂದುವ ಒಂದನ್ನೇ ಆರ್ಬಿಟ್ರೇಟರ್ ಆರಿಸಬೇಕು, ನಡುವೆ ಗೆರೆ ಎಳೆಯುವ ಹಾಗಿಲ್ಲ. ಇದರಿಂದ ಏನಾಗುತ್ತದೆ ಗೊತ್ತಾ? ಅತಿಯಾಗಿ ಕೇಳಿದವರು ಸೋಲುತ್ತಾರೆ. "ನೂರು ಕೇಳೋಣ, ಐವತ್ತಕ್ಕೆ ಇಳಿಸ್ತಾರೆ" ಅನ್ನುವ ಆಟ ಅಲ್ಲಿ ನಡೆಯುವುದಿಲ್ಲ. ಇಬ್ಬರೂ ಮೊದಲೇ ನ್ಯಾಯದ ಹತ್ತಿರ ಬಂದು ನಿಲ್ಲಬೇಕು. ಮನೆಮಟ್ಟದ ರಾಜಿಯಲ್ಲೂ ಇದನ್ನು ಬಳಸಬಹುದು. ಇಬ್ಬರೂ ನಂಬುವ ಮೂರನೆಯವರಿಗೆ ಒಂದೊಂದು ಚೀಟಿ ಕೊಡಿ, ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು ಅಂತ ಹೇಳಿ. ಚೀಟಿ ಬರೆಯುವಾಗಲೇ ಕೈ ತಡವರಿಸುತ್ತದೆ.

ಮಾಲೀಕರ ಕಡೆಯ ಲೆಕ್ಕವನ್ನು ಅಂಗಡಿಯವರು ಮಾಡುವುದೇ ಇಲ್ಲ, ಇದು ನನಗೆ ಯಾವಾಗಲೂ ಬೇಸರ ತರಿಸುವ ವಿಷಯ. ಒಂದು ಚಪ್ಪಲಿ ಅಂಗಡಿಯ ಮಾತುಕತೆಗೆ ಕೂತಿದ್ದೆ. ಮಾಲೀಕರು ವಯಸ್ಸಾದ ಹೆಂಗಸು. ಏರಿಕೆ ಕೊಡದಿದ್ದರೆ ಖಾಲಿ ಮಾಡಲಿ ಅನ್ನುವುದು ಅವರ ಹಟ. ನಾನು ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆದು, ಅಂಗಡಿ ಖಾಲಿಯಾದರೆ ಆಗುವ ಖರ್ಚಿನ ಹೆಸರಷ್ಟೇ ಬರೆದು ಅವರ ಮುಂದಿಟ್ಟೆ. ಬಾಡಿಗೆ ಬಾರದ ತಿಂಗಳು, ಸುಣ್ಣಬಣ್ಣ, ದಲ್ಲಾಳಿ ಕಮಿಷನ್, ಹೊಸಬರು ಕೇಳುವ ಮುರಿದುಹೋದ ಶಟರ್ ರಿಪೇರಿ. ಅಂಕಿ ನೀವೇ ತುಂಬಿ ಅಂದೆ. ಅವರು ಕನ್ನಡಕ ಹಾಕಿಕೊಂಡು, ತಿಂಗಳ ಜಾಗದಲ್ಲಿ ಮೊದಲು 2 ಬರೆದರು, ಸ್ವಲ್ಪ ಯೋಚಿಸಿ ಅದನ್ನು ಹೊಡೆದುಹಾಕಿ 4 ಬರೆದರು. ನಾಲ್ಕು ತಿಂಗಳು ಖಾಲಿ ಅಂದರೆ ಮೂರು ವರ್ಷದ ಬಾಡಿಗೆಯಲ್ಲಿ ಶೇ 11 ಹೋದ ಹಾಗೆ. ಅವರು ಕೇಳುತ್ತಿದ್ದ ಏರಿಕೆ ಅದಕ್ಕಿಂತ ಕಡಿಮೆ ಇತ್ತು. ಅಂಗಡಿಯವರು ಅದೇ ಹೊತ್ತಿಗೆ "ಅಮ್ಮಾ, ಈ ಒಂದು ವರ್ಷ ಹಳೇದೇ ಇರಲಿ, ಕರಾರು ಇನ್ನೂ ಮೂರು ವರ್ಷಕ್ಕೆ ಬರೆದುಕೊಡ್ತೀನಿ, ನಡುವೆ ಬಿಟ್ಟು ಹೋಗಲ್ಲ" ಅಂದರು. ಅವರಿಗೆ ಬೇಕಿದ್ದದ್ದೂ ಅದೇ. ತಿಂಗಳಿಗೆ ಇಷ್ಟು ಬಂದೇ ಬರುತ್ತದೆ ಅನ್ನುವ ಧೈರ್ಯ.

ಕೇಳಬಹುದಾದ್ದು ಬಾಡಿಗೆ ಕಡಿತ ಒಂದೇ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ಗೋದಾಮಿನ ಜಾಗ ವಾಪಸ್ ಕೊಟ್ಟು ಅಷ್ಟು ಬಾಡಿಗೆ ಇಳಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಮುಂಗಡ ಕೊಡುವ ಬದಲು ತಿಂಗಳು ತಿಂಗಳು ಕೊಡಬಹುದು. ಡೆಪಾಸಿಟ್‌ನಲ್ಲಿ ಒಂದು ಭಾಗವನ್ನು ಬಾಕಿಗೆ ಹೊಂದಿಸಿ ಆಮೇಲೆ ತುಂಬಿಕೊಡಬಹುದು. ಮಾಲೀಕರಿಗೆ ಬ್ಯಾಂಕಿನ ಕಂತು ಇದೆ ಅಂತಾದರೆ ಕಂತಿನ ದಿನಕ್ಕೆ ಸರಿಯಾಗಿ ಬಾಡಿಗೆ ಬರುವ ಹಾಗೆ ಮಾಡಿದರೂ ಅವರ ಅರ್ಧ ಸಿಟ್ಟು ಇಳಿಯುತ್ತದೆ.

ಇಬ್ಬರೇ ಕೂತರೆ ಆಗದು ಅನ್ನುವ ಹಂತ ಬಂದರೆ ಮಧ್ಯಸ್ಥಿಕೆಗೆ ಹೋಗಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಅಂಗಡಿ ಗುತ್ತಿಗೆ ತಕರಾರು ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ಅಲ್ಲಿ ಆಗದಿದ್ದರೆ ಮಾತ್ರ ಸಾಮಾನ್ಯವಾಗಿ ಕೋರ್ಟು. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಒಬ್ಬೊಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಅಲ್ಲಿ ಹೇಳಿದ್ದನ್ನು ನೀವು ಒಪ್ಪದೆ ಆ ಕಡೆಗೆ ದಾಟಿಸುವುದಿಲ್ಲ. ಎದುರಿಗೆ ಹೇಳಲು ನಾಚಿಕೆಯಾಗುವ "ನನ್ನ ಹತ್ರ ನಿಜವಾಗ್ಲೂ ದುಡ್ಡಿಲ್ಲ" ಅನ್ನುವ ಮಾತು ಆ ಕೋಣೆಯಲ್ಲಿ ಬರುತ್ತದೆ. ಭಾರತದಲ್ಲಿ ಲೋಕ ಅದಾಲತ್ ಇದೆ, ಕೇಸು ಹಾಕುವ ಮುಂಚೆಯೂ ಹೋಗಬಹುದು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ, ಮೇಲ್ಮನವಿ ಇಲ್ಲ. ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದರೆ ಅದೂ ಒಂದು ದಾರಿ. ಆದರೆ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರಲಿ: ಬಾಡಿಗೆ ನಿಯಂತ್ರಣ ಕಾಯ್ದೆಯ ಅಡಿ ಬರುವ ತಕರಾರು ಆರ್ಬಿಟ್ರೇಷನ್‌ಗೆ ಹೋಗುವುದಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ ಅಡಿ ಬರುವುದು ಹೋಗಬಹುದು. ನಿಮ್ಮ ಅಂಗಡಿ ಯಾವುದರ ಕೆಳಗೆ ಬರುತ್ತದೆ ಅನ್ನುವುದಕ್ಕೆ ಮಾತ್ರ ವಕೀಲರಿಗೆ ಫೀಸು ಕೊಡಿ, ಅದು ದಂಡ ಅಲ್ಲ.

ರಾಜಿ ಆದ ಮೇಲೆ ಎಲ್ಲರೂ ಕಾಫಿ ಕುಡಿದು ಎದ್ದು ಹೋಗಿಬಿಡುತ್ತಾರೆ. ಬರೆಯುವುದೇ ಇಲ್ಲ, ಬರೆದರೂ "ಸದ್ಯಕ್ಕೆ ಅರ್ಧ ಬಾಡಿಗೆ" ಅಂತ ಒಂದು ಮೆಸೇಜು. ಇದರ ಪಾಡು ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಹೈ ಟ್ರೀಸ್ ಅನ್ನುವ ಹಳೇ ಕೇಸು ಇದೆ. ಅಂಗಡಿಯದ್ದಲ್ಲ, ಫ್ಲ್ಯಾಟುಗಳ ಕಟ್ಟಡದ್ದು. 1937ರಲ್ಲಿ ಒಂದು ಕಂಪನಿ ಇಡೀ ಕಟ್ಟಡವನ್ನು ವರ್ಷಕ್ಕೆ 2,500 ಪೌಂಡಿಗೆ ಗುತ್ತಿಗೆ ಹಿಡಿಯಿತು. ಯುದ್ಧ ಬಂತು, ಲಂಡನ್ನಿನಲ್ಲಿ ಫ್ಲ್ಯಾಟುಗಳಿಗೆ ಜನ ಸಿಗಲಿಲ್ಲ. 1940ರಲ್ಲಿ ಮಾಲೀಕರು ಬಾಡಿಗೆಯನ್ನು 1,250ಕ್ಕೆ ಇಳಿಸಿ ಪತ್ರ ಕೊಟ್ಟರು. ಎಲ್ಲಿಯವರೆಗೆ ಅಂತ ಬರೆಯಲಿಲ್ಲ. 1945ರ ಹೊತ್ತಿಗೆ ಫ್ಲ್ಯಾಟುಗಳೆಲ್ಲ ತುಂಬಿದವು, ಗುತ್ತಿಗೆ ಹಿಡಿದ ಕಂಪನಿ ಮಾತ್ರ ಅರ್ಧವೇ ಕೊಡುತ್ತಿತ್ತು. ಆ ವರ್ಷದ ಕೊನೆಯ ಆರು ತಿಂಗಳಿಗೆ ಪೂರ್ತಿ ಬಾಡಿಗೆ ಬೇಕು ಅಂತ ದಾವೆ ಬಿತ್ತು. ನ್ಯಾಯಾಧೀಶ ಡೆನಿಂಗ್ ಅದನ್ನು ಕೊಡಿಸಿದರು, ಇಳಿಸಿದ್ದು ಯುದ್ಧಕಾಲದ ಸ್ಥಿತಿಗೆ ಮಾತ್ರ, ಅದು ಮುಗಿದಿದೆ ಅಂತ. ಅದೇ ಉಸಿರಿನಲ್ಲಿ, ಯುದ್ಧದ ವರ್ಷಗಳ ಅರ್ಧ ಬಾಡಿಗೆಯನ್ನು ಈಗ ವಾಪಸ್ ಕೇಳಿದ್ದರೆ ಸಿಗುತ್ತಿರಲಿಲ್ಲ ಅಂತಲೂ ಹೇಳಿದರು. ಬಿಡುತ್ತೇನೆ ಅಂತ ಮಾತು ಕೊಟ್ಟು, ಇನ್ನೊಬ್ಬರು ಅದನ್ನು ನಂಬಿ ನಡೆದ ಮೇಲೆ ಮಾತು ತಿರುಗಿಸುವ ಹಾಗಿಲ್ಲ. ಕಾನೂನು ಓದುವವರು ಇವತ್ತಿಗೂ ಈ ಕೇಸನ್ನು ಓದುತ್ತಾರೆ. ಒಂದು ತಾರೀಖು ಬರೆದಿದ್ದರೆ ಯಾರೂ ಓದಬೇಕಾಗಿರಲಿಲ್ಲ.

ಹಾಗಾಗಿ ರಾಜಿ ಪತ್ರ ಒಂದೇ ಪುಟ ಇರಲಿ, ಆದರೆ ಇವಿಷ್ಟು ಅದರಲ್ಲಿ ಇರಲಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು. ಕಡಿಮೆ ಮಾಡಿದ್ದು ಮನ್ನಾನೋ, ಮುಂದಕ್ಕೆ ಹಾಕಿದ್ದೋ. ಮುಂದಕ್ಕೆ ಹಾಕಿದ್ದಾದರೆ ಬಡ್ಡಿ ಇದೆಯೋ, ಕಂತು ಎಷ್ಟು. ಮುಂದಿನ ಏರಿಕೆ ಹಳೇ ಬಾಡಿಗೆ ಮೇಲೋ, ಇಳಿಸಿದ ಬಾಡಿಗೆ ಮೇಲೋ. ಒಂದು ಕಂತು ತಪ್ಪಿದರೆ ಎಷ್ಟು ದಿನದ ಸಮಯ ಕೊಟ್ಟು ಆಮೇಲೆ ರಿಯಾಯಿತಿ ಹೋಗುತ್ತದೆ. ಕಟ್ಟಡ ಮಾರಿದರೆ ಹೊಸ ಮಾಲೀಕರಿಗೂ ಇದು ಅನ್ವಯಿಸುತ್ತದೋ. ಗುತ್ತಿಗೆಗೆ ಯಾರಾದರೂ ಜಾಮೀನು ನಿಂತಿದ್ದರೆ ಅವರ ಸಹಿಯನ್ನೂ ಹಾಕಿಸಿ. ಅವರನ್ನು ಕೇಳದೆ ಷರತ್ತು ಬದಲಿಸಿದಿರಿ ಅಂತ ನಾಳೆ ಅವರು ಕೈ ತೊಳೆದುಕೊಳ್ಳಬಹುದು, ಕಾನೂನು ಬಹಳ ಸಲ ಅವರ ಪರವೇ ನಿಲ್ಲುತ್ತದೆ. ಮೂಲ ಕರಾರು ನೋಂದಣಿ ಆಗಿದ್ದರೆ ಈ ತಿದ್ದುಪಡಿಯನ್ನೂ ನೋಂದಣಿ ಮಾಡಿಸಬೇಕೋ ಅಂತ ಸಹಿ ಹಾಕುವ ಮುಂಚೆಯೇ ವಿಚಾರಿಸಿ.